ಲೈಡನ್ ಜಾಡಿಯ ಹೊಡೆತ

ಒಣಹವೆಯ ದಿನ ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಚಟ ಸದ್ದಾಗುವುದನ್ನೂ, ಬಾಗಿಲಿನ ಲೋಹದ ಹಿಡಿಯನ್ನು ಮುಟ್ಟಿದೊಡನೆ ಬೆರಳು ಚುರುಗುಟ್ಟುವುದನ್ನೂ ಎಲ್ಲರೂ ಬಲ್ಲೆವು. ತಿಕ್ಕಾಟದಿಂದ ಒಂದು ವಸ್ತುವಿನ ಇಲೆಕ್ಟ್ರಾನುಗಳು ಇನ್ನೊಂದಕ್ಕೆ ಸರಿಯುತ್ತವೆ. ಹವೆಯಲ್ಲಿ ತೇವವಿಲ್ಲದಿದ್ದರೆ ಆ ಆವೇಶ ಬೇಗ ಸೋರಿಹೋಗದೆ ಮೈಯಲ್ಲಿ ನಿಂತು, ಲೋಹ ಸಮೀಪಿಸಿದಾಗ ಕಿಡಿಯಾಗಿ ಹಾರುತ್ತದೆ. (ಆವೇಶವೆಂದರೆ ಮೈಮೇಲೆ ದೇವರು ಬಂದ ಹಾಗೆಯೇ ಸಾರ್ ಎಂದು ನಿಮ್ಮಲ್ಲೊಬ್ಬರು ಕೇಳಿದ್ದುಂಟು!)

ಈ ಚುರುಕು ಮೊದಲ ಬಾರಿಗೆ ಭಯ ಹುಟ್ಟಿಸಿದ್ದು ಯೂರೋಪಿನಲ್ಲಿ. 1745ರಲ್ಲಿ ಪೊಮೆರೇನಿಯದ ಫಾನ್ ಕ್ಲೈಸ್ಟ್, ಮೊಳೆಯಿಳಿಸಿದ ಔಷಧಿ ಸೀಸೆಯಿಂದ ಬಲವಾದ ಪೆಟ್ಟು ತಿಂದರು. ಕೆಲವೇ ತಿಂಗಳಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಪ್ರಾಧ್ಯಾಪಕ ಮುಸ್ಕೆನ್‌ಬ್ರೂಕರಿಗೂ, ನೀರು ತುಂಬಿದ ಗಾಜಿನ ಪಾತ್ರೆಯಿಂದ, ಅದೇ ಗತಿಯಾಯಿತು. ಇದನ್ನು ಯಾರೂ ಪರೀಕ್ಷಿಸಬಾರದೆಂದು 1746ರ ಜನವರಿಯಲ್ಲಿ ಅವರು ಪ್ಯಾರಿಸ್ಸಿನ ರೇಮ್ಯೂರರಿಗೆ ಬರೆದರು.

ಬೇಡವೆಂದರೆ ಕೇಳುವವರುಂಟೆ? ಅದೇ ವರ್ಷ ನೊಲೆ ಎಂಬ ಪಾದ್ರಿ, ದೊರೆ ಹದಿನೈದನೆಯ ಲೂಯಿಯ ಮುಂದೆ 180 ಕಾವಲು ಸಿಪಾಯಿಗಳನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯ ವಿದ್ಯುತ್ತನ್ನು ಹಾಯಿಸಿದರು. ಅಷ್ಟೂ ಮಂದಿ ಒಮ್ಮೆಲೇ ಎಗರಿದರು. ದೊರೆಯ ವಿನೋದಕ್ಕೆ ಸಿಪಾಯಿಗಳ ಮೈಯನ್ನು ಒಡ್ಡಿದ ಈ ಪ್ರದರ್ಶನ ನನಗಂತೂ ರುಚಿಸದು.

ಬಾಗಿಲ ಹಿಡಿಯ ಕಿಡಿಯಲ್ಲೂ ಸಾವಿರಾರು ವೋಲ್ಟ್ ಇರುತ್ತದೆ. ಆದರೆ ಮೈ ಹಿಡಿದಿಡಬಲ್ಲ ಆವೇಶ ಅತ್ಯಲ್ಪ. ಜಾಡಿಯಲ್ಲಾದರೋ, ಒಳಗಿನ ನೀರಿಗೂ ಹೊರಗಿನ ಅಂಗೈಗೂ ನಡುವೆ ತೆಳುವಾದ ಗಾಜು ಮಾತ್ರವಿದ್ದು, ಅದರ ಎರಡು ಮಗ್ಗುಲಲ್ಲೂ ವಿರುದ್ಧ ಆವೇಶಗಳು ಒಂದನ್ನೊಂದು ಸೆಳೆದು ಹೇರಳವಾಗಿ ಕೂಡಿಕೊಂಡಿದ್ದವು.