ಗಣಕಯಂತ್ರ ಮತ್ತು ಮಕ್ಕಳ ಕಣ್ಣು: ಒತ್ತಕ್ಷರ ಕಾಣುತ್ತಿದೆಯೇ?

ನಾರಾಯಣಪೇಟೆ, ಮಕ್ತಲ, ಗದ್ವಾಲ ಭಾಗದ ಕನ್ನಡ ಮಾಧ್ಯಮದ ಪಾಲಕರು ಮೊದಲು ಗಮನಿಸಬೇಕಾದುದು ಪರದೆಯ ಮೇಲಿನ ಅಕ್ಷರದ ಗಾತ್ರವನ್ನು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಕಿರಿದಾಗಿ ಕೂರುತ್ತವೆ: ‘ಮಕ್ತಲ’ದಲ್ಲಿ ತಕಾರ, ‘ಗದ್ವಾಲ’ದಲ್ಲಿ ವಕಾರ. ಇಡೀ ಪುಟ ಕಾಣಲೆಂದು ಪಾಠದ ಪಿಡಿಎಫ್ ಅನ್ನು ಕಿರಿದುಗೊಳಿಸಿದರೆ ಮೊದಲು ಮಸುಕಾಗುವುವು ಇವೇ. ಆಗ ಮಗು ಮುಖವನ್ನು ಪರದೆಯ ಸಮೀಪ ಒಯ್ಯುತ್ತದೆ, ಓದುವಾಗ ತಡವರಿಸುತ್ತದೆ. ಓದು ಬಾರದೆಂದು ನಾವು ಗದರುತ್ತೇವೆ.

ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಬಿಗಿಯಾಗಿರುತ್ತದೆ. ದೂರ ನೋಡಿದಾಗ ಸಡಿಲಗೊಳ್ಳುತ್ತದೆ. ಮಗ್ಗದ ಎಳೆಗಳನ್ನು ಹಗಲೆಲ್ಲ ದಿಟ್ಟಿಸುವ ನಮ್ಮ ನೇಕಾರ ಮನೆಗಳಿಗೆ ಈ ದಣಿವು ಹೊಸದಲ್ಲ. ಪರದೆಯ ಮುಂದೆ ಇನ್ನೊಂದು ತೊಡಕು ಸೇರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ರೆಪ್ಪೆ ಅಲ್ಲಿ ಅರ್ಧಕ್ಕಿಂತಲೂ ಕಡಿಮೆ ಮಿಟುಕಬಹುದು. ಕಣ್ಣು ಒಣಗಿ ಉರಿಯುವುದು, ತಲೆನೋವು ಬರುವುದು ಇದರಿಂದಲೇ. ಬೇಸಿಗೆಯಲ್ಲಿ ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸಿದರೆ ಉರಿ ಹೆಚ್ಚುತ್ತದೆ.

ಪರದೆಯು ಕಣ್ಣಿನಿಂದ ಒಂದು ತೋಳಿನಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್ ದೂರದಲ್ಲಿ, ದೃಷ್ಟಿಗಿಂತ ತುಸು ಕೆಳಗಿರಲಿ. ಕಿಟಕಿ ಪಕ್ಕಕ್ಕಿರಲಿ, ಎದುರಿಗೂ ಬೆನ್ನಿಗೂ ಬೇಡ. ಕತ್ತಲ ಕೋಣೆಯಲ್ಲಿ ಓದಿಸಬಾರದು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ವೈದ್ಯರು ಹೇಳುವ ಸರಳ ರೂಢಿ. ಬಾಗಿಲಾಚೆಯ ಬೇವಿನ ಮರ ಸಾಕು. ದಿನಕ್ಕೆ ಎರಡು ಗಂಟೆ ಬಯಲಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಾಧ್ಯತೆ ಕಡಿಮೆ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹೆಚ್ಚು ಹಣ ತೆರುವುದು ನಮ್ಮ ಅಭಿಪ್ರಾಯದಲ್ಲಿ ದುಂದು. ಅದರಿಂದ ಕಣ್ಣಿನ ದಣಿವು ಇಳಿಯುವುದೆಂಬುದಕ್ಕೆ ದೃಢ ಆಧಾರವಿಲ್ಲ.

ಚೀಟಿಯಿಲ್ಲದೆ ಔಷಧದಂಗಡಿಯಿಂದ ಕಣ್ಣಿನ ಹನಿಗಳನ್ನು ತರಬಾರದು. ಸ್ಟಿರಾಯ್ಡ್ ಇರುವ ಹನಿಯನ್ನು ಬಹುಕಾಲ ಬಳಸಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಜೇನು, ಹರಳೆಣ್ಣೆಗಳೂ ಬೇಡ.

ಇಷ್ಟಾದರೂ ಮಗು ಕಣ್ಣು ಕಿರಿದು ಮಾಡಿ ನೋಡಿದರೆ, ಕಪ್ಪುಹಲಗೆಯ ಬರಹ ಕಾಣದೆಂದರೆ, ಪರೀಕ್ಷೆ ಮಾಡಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆಗಳಲ್ಲಿ ನಡೆಯುವ ತಪಾಸಣೆಯಲ್ಲಿ ದೃಷ್ಟಿದೋಷವೂ ಸೇರಿದೆ. ತೆಲಂಗಾಣದ ‘ಕಂಟಿ ವೆಲುಗು’ 2018ರ ಆಗಸ್ಟ್ 15ರಂದು ಮೊದಲಾಗಿ, 2023ರಲ್ಲಿ ಎರಡನೆಯ ಹಂತ ಕಂಡಿತು. ಆಗ ಕೊಟ್ಟ ಕನ್ನಡಕವನ್ನೇ ಮನೆಯಲ್ಲಿ ಈಗಲೂ ಧರಿಸುತ್ತಿದ್ದರೆ ಅದರ ಅಂಕವನ್ನು ಮತ್ತೊಮ್ಮೆ ನೋಡಿಸಬೇಕು. ಕನ್ನಡಕ ಹಾಕಿದರೆ ಅಂಕ ಏರುತ್ತದೆಂಬ ಭಯದಿಂದ ಹೆಣ್ಣುಮಕ್ಕಳ ಕನ್ನಡಕವನ್ನು ತೆಗೆದಿರಿಸುವವರಿದ್ದಾರೆ. ಅದು ಹಾಗೆ ಏರುವುದಿಲ್ಲ.