ಗಾವ್ ಕುಠ್ಲಾ?

ಮುಲುಂಡಿನ ನಮ್ಮ ಮನೆಯ ಹಿಂಬದಿ ಕಿಟಕಿ ತೆಗೆದರೆ ಗುಡ್ಡ ಕಾಣುತ್ತದೆ. ಮಳೆಗಾಲದಲ್ಲಂತೂ ಕಣ್ಣಿಗೆ ಹಬ್ಬ. ಊರಿಂದ ಬಂದ ನೆಂಟರು, "ಮುಂಬಯಿ ಮುಂಬಯಿ ಅಂತೀರಿ, ಇದು ನಮ್ಮ ಸಾಗರದ ಹಾಗೇ ಇದೆಯಲ್ಲೋ" ಎನ್ನುತ್ತಾರೆ. ಆ ಗುಡ್ಡದಿಂದಾಚೆ ಹಬ್ಬಿರುವುದೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ನೂರು ಚದರ ಕಿಲೋಮೀಟರಿಗೂ ಹೆಚ್ಚು ಕಾಡು. ಅದರ ಹೊಟ್ಟೆಯಲ್ಲಿ ವಿಹಾರ್, ತುಳಸಿ ಎಂಬ ಎರಡು ಕೆರೆಗಳಿವೆ. ವಿಹಾರ್ ಕೆರೆ 1860ರಲ್ಲಿ ಮುಗಿದದ್ದು, ಮುಂಬಯಿಗೆ ಮೊದಲು ನಲ್ಲಿ ನೀರು ಬಂದದ್ದು ಅಲ್ಲಿಂದ.

ಈ ಕಾಡಿನ ವಿಷಯ ಬರೆಯಬೇಕೆನ್ನಿಸಿದ್ದು ಮೊಮ್ಮಗಳ ಒಂದು ಫೋನಿನಿಂದ. ಮಗ ಅಮೆರಿಕದ ಟೆನೆಸಿ ರಾಜ್ಯದಲ್ಲಿದ್ದಾನೆ. ಅವನ ಮಗಳು ನಾಲ್ಕನೇ ಕ್ಲಾಸು. ಶಾಲೆಯವರು ಮಕ್ಕಳನ್ನು ರೆಡ್ ಕ್ಲೇ ಎಂಬ ಉದ್ಯಾನಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರಂತೆ. ಚೆರೋಕಿ ಎಂಬ ಮೂಲನಿವಾಸಿ ಜನರ ಕೊನೆಯ ಸಭೆಗಳು 1832ರಿಂದ 1838ರವರೆಗೆ ನಡೆದ ಜಾಗ ಅದು. ನೀಲಿ ನೀರಿನ ಒರತೆ ನೋಡಿದ್ದು, ಮರಗಳ ಹೆಸರು ಬರೆದುಕೊಂಡಿದ್ದು ಎಲ್ಲ ಹೇಳಿದವಳು ಕಡೆಗೆ, "ಅಜ್ಜಾ, ಅವರನ್ನೆಲ್ಲ ಓಡಿಸಿಬಿಟ್ರಂತೆ. ದಾರಿಯಲ್ಲೇ ತುಂಬಾ ಜನ ಸತ್ತು ಹೋದ್ರಂತೆ" ಎಂದಳು. ಆಮೇಲೆ ತಾನಾಗಿಯೇ, "ಅಪ್ಪನೂ ಸಣ್ಣವನಿದ್ದಾಗ ನಿಮ್ಮನೆ ಹಿಂದಿನ ಕಾಡಿಗೆ ಟ್ರಿಪ್ ಹೋಗಿದ್ನಂತೆ. ಅಲ್ಲಿ ಯಾರಿದ್ರು ಅಜ್ಜಾ?" ಎಂದು ಕೇಳಿದಳು.

ಹೌದು, ಹೋಗಿದ್ದ. ಅವನ ಜೊತೆ ನಾನೂ ಹೋಗಿದ್ದೆ. 2001ರ ಚಳಿಗಾಲ. ಮಕ್ಕಳನ್ನು ನೋಡಿಕೊಳ್ಳಲು ನಾಲ್ಕೈದು ಪಾಲಕರು ಬನ್ನಿ ಎಂದು ಶಾಲೆಯಿಂದ ಚೀಟಿ ಬಂದಿತ್ತು. ಬ್ಯಾಂಕಿಗೆ ಒಂದು ದಿನ ರಜೆ ಹಾಕಿದೆ. ತಮಾಷೆ ನೋಡಿ, ಕಾಡು ನಮ್ಮ ಕಿಟಕಿಯ ಹಿಂದೆಯೇ ಇದ್ದರೂ ಅದರ ಹೆಬ್ಬಾಗಿಲು ಬೊರಿವಲಿಯಲ್ಲಿ. ಬಸ್ಸು ಪವಾಯಿ ಮೇಲೆ ಸುತ್ತಿ ಹೋಗಬೇಕು. ಮಕ್ಕಳಿಗೆ ಜಿಂಕೆ ತೋರಿಸಿದ್ದಾಯಿತು, ವನರಾಣಿ ಎಂಬ ಪುಟಾಣಿ ರೈಲಿನಲ್ಲಿ ಕೂರಿಸಿದ್ದಾಯಿತು, ಪೂರಿ ಭಾಜಿ ತಿನ್ನಿಸಿ ಕಾನ್ಹೇರಿ ಗುಹೆಗಳಿಗೆ ಹತ್ತಿಸಿದ್ದಾಯಿತು.

ಕಾನ್ಹೇರಿ ಎಂದರೆ ಕೃಷ್ಣಗಿರಿ, ಕರೀ ಬೆಟ್ಟ. ಬಸಾಲ್ಟ್ ಬಂಡೆಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಸುಮಾರು ಒಂದು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಅಲ್ಲಿದ್ದರು. ಹೋಗುವ ಮುಂಚೆ ಸ್ವಲ್ಪ ಓದಿಕೊಂಡಿದ್ದೆನಾದ್ದರಿಂದ ಮಾಸ್ತರಿಕೆ ಮಾಡುವ ಚಪಲ. ದರ್ಬಾರ್ ಗುಹೆಯ ಹತ್ತಿರ ಮಕ್ಕಳನ್ನು ಕೂರಿಸಿ, "ಇಲ್ಲಿ ನಮ್ಮ ರಾಜನ ಹೆಸರಿದೆ" ಎಂದೆ. ಸುಳ್ಳಲ್ಲ. ಶಕ 775, 799ರ ಅಲ್ಲಿನ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯವು. ಅವನ ಮಾಂಡಲಿಕ, ಶಿಲಾಹಾರ ಕಪರ್ದಿ ಆಗ ಕೊಂಕಣವನ್ನು ಆಳುತ್ತಿದ್ದ. ಭಾಷೆ ಸಂಸ್ಕೃತವಾದರೇನು, ದೊರೆ ನಮ್ಮ ಕವಿರಾಜಮಾರ್ಗದ ನೃಪತುಂಗನೇ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತವನ ಹೆಸರು ಮುಂಬಯಿಯ ಕಾಡಿನ ಕಲ್ಲಿನಲ್ಲಿ! ಹೊರನಾಡಿನಲ್ಲಿದ್ದವನಿಗೆ ಎದೆ ಉಬ್ಬದೆ ಇರುತ್ತದೆಯೇ?

ಬ್ಯಾಂಕಿನವನಾದ ನನಗೆ ಇನ್ನೂ ಒಂದು ಖುಷಿ ಇತ್ತು. ಈ ದಾನಿಗಳು 'ಅಕ್ಷಯನೀವಿ' ಎಂಬ ಇಡುಗಂಟು ಇಡುತ್ತಿದ್ದರು. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಭಿಕ್ಷುಗಳಿಗೆ ಬಟ್ಟೆ ಮುಂತಾದ್ದು. ಅಪ್ಪಟ ಫಿಕ್ಸೆಡ್ ಡಿಪಾಸಿಟ್ಟು! ಹತ್ತಿರದ ನಾಸಿಕದ ಒಂದು ಗುಹೆಯಲ್ಲಂತೂ ನೇಕಾರರ ಶ್ರೇಣಿಯಲ್ಲಿ ಎರಡು ಸಾವಿರ ನಾಣ್ಯ ಇಟ್ಟದ್ದನ್ನೂ, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿಯನ್ನೂ ಕೆತ್ತಿದ್ದಾರೆ. ಹಾಗೆ ಇಟ್ಟವರಲ್ಲಿ ಹೊರಗಿನವರೇ ಬಹಳ. ಕಲ್ಯಾಣದ ವರ್ತಕರಿದ್ದಾರೆ, ಸೋಪಾರದವರಿದ್ದಾರೆ. ಅಮೋಘವರ್ಷನ ಕಾಲದಲ್ಲಿ ನೂರು ದ್ರಮ್ಮ ಇಟ್ಟ ಅವಿಘ್ನಾಕರ ಗೌಡದೇಶದವನು, ಅಂದರೆ ಬಂಗಾಳದವನು. 1009ರಲ್ಲಿ, 1021ರಲ್ಲಿ ಪಾರ್ಸಿಗಳು ಬಂದು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಕೊರೆದು ಹೋಗಿದ್ದಾರೆ. ಒಟ್ಟಿನಲ್ಲಿ ಆ ಕಲ್ಲು ಅಂದರೆ ಮುಂಬಯಿಗೆ ಬಂದು ಹೋದವರ ಹಳೇ ಲೆಡ್ಜರು.

ಕೆಳಗಿಳಿಯುವಾಗ ಮೆಟ್ಟಿಲ ಬುಡದಲ್ಲಿ ಒಬ್ಬ ಹೆಂಗಸು ಬುಟ್ಟಿಯಲ್ಲಿ ಎಲಚಿ ಹಣ್ಣು, ಸೌತೆಕಾಯಿ ಇಟ್ಟುಕೊಂಡು ಕೂತಿದ್ದಳು. ಮಗನಿಗೆ ಸೌತೆಕಾಯಿ ಕೊಡಿಸುತ್ತ ಮುಂಬಯಿಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದೆ: "ಗಾವ್ ಕುಠ್ಲಾ ತುಮ್ಚಾ?" ನಿಮ್ಮ ಊರು ಯಾವುದು? ಈ ಪ್ರಶ್ನೆಗೆ ರತ್ನಾಗಿರಿ ಎನ್ನುತ್ತಾರೆ, ಕಚ್ಛ್ ಎನ್ನುತ್ತಾರೆ, ಉಡುಪಿ ಎನ್ನುತ್ತಾರೆ. ಅಲ್ಲಿಯವರೆಗೆ ಹದಿಮೂರು ವರ್ಷ ಕೌಂಟರಿನಲ್ಲಿ ಕೂತು ಕೇಳಿದ್ದೆ, ಯಾರೂ ಇಲ್ಲಿನ ಹೆಸರು ಹೇಳಿರಲಿಲ್ಲ. ಆಕೆ ನನ್ನನ್ನೇ ಒಂದು ಗಳಿಗೆ ನೋಡಿ, "ಹೇಚ್ ಗಾವ್" ಎಂದಳು. ಇದೇ ಊರು. ಕೈಯಲ್ಲಿದ್ದ ಚೂರಿಯನ್ನೇ ನೆಲದ ಕಡೆ ತೋರಿಸಿದಳು.

ಆಕೆ ವಾರ್ಲಿ. ಆ ಕಾಡಿನೊಳಗೆ ವಾರ್ಲಿ, ಕೊಕಣಾ, ಕಾತ್ಕರಿ, ಮಲ್ಹಾರ್ ಕೋಳಿ ಮೊದಲಾದ ಆದಿವಾಸಿಗಳ ಪಾಡಾಗಳಿವೆ. ಪಾಡಾ ಅಂದರೆ ನಮ್ಮ ಕಡೆಯ ಕೇರಿ. ಕಾರ್ವಿ ಗಿಡದ ಕಡ್ಡಿ ನೆಟ್ಟು, ಮಣ್ಣು ಸಗಣಿ ಮೆತ್ತಿ ಗೋಡೆ ಮಾಡುತ್ತಾರೆ. ಆ ಕಾರ್ವಿ ಎಂಟು ವರ್ಷಕ್ಕೊಮ್ಮೆ ಹೂ ಬಿಟ್ಟು ಇಡೀ ಗುಡ್ಡ ನೇರಳೆಯಾಗುತ್ತದೆ. 2016ರಲ್ಲಿ, ಮತ್ತೆ 2024ರಲ್ಲಿ ಬಿಟ್ಟಿತ್ತು. ಇವರಿಗೆ ಚಿರತೆಯೂ ದೇವರೇ, ವಾಘೋಬಾ ಎಂದು ಪೂಜಿಸುತ್ತಾರೆ. ನಮ್ಮ ಮಲೆನಾಡಿನ ಹುಲಿದೇವರು ಅಂದುಕೊಳ್ಳಿ.

ಬಸ್ಸಿನಲ್ಲಿ ಈ ಮಾತು ತೆಗೆದಾಗ ಜೊತೆಗಿದ್ದ ಪಾಲಕರೊಬ್ಬರು, "ಅವರೆಲ್ಲ ಅತಿಕ್ರಮಣದವರು ಸಾಹೇಬ್ರೆ" ಎಂದರು. ಆಗ ಅದೇ ಸುದ್ದಿ. ಕಾಡನ್ನು ಉಳಿಸಬೇಕೆಂಬ ಮೊಕದ್ದಮೆಯಲ್ಲಿ ಒತ್ತುವರಿ ತೆರವು ಮಾಡಿ ಎಂದು ಮುಂಬಯಿ ಹೈಕೋರ್ಟ್ 1997ರಲ್ಲಿ ಆದೇಶಿಸಿತ್ತು, ಸಾವಿರಾರು ಜೋಪಡಿಗಳು ಬಿದ್ದವು. ತಲೆಮಾರುಗಳಿಂದ ಇದ್ದ ಪಾಡಾಗಳ ಪ್ರಶ್ನೆಯೂ ಅದರಲ್ಲೇ ಸಿಕ್ಕಿಕೊಂಡಿತು. ನಾನು ಹೂಂಗುಟ್ಟಿ ಸುಮ್ಮನಾದೆ. ಕಾಗದ ಇಲ್ಲದವನಿಗೆ ಸಾಲ ಕೊಡದೆ ರೂಢಿಯಾದವನು ನಾನು.

ಆ ಮಾತು ನನ್ನ ಬುಡಕ್ಕೇ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಕೆಲವೇ ವರ್ಷಗಳಲ್ಲಿ ಮುಲುಂಡಿನಲ್ಲಿ ಗುಲ್ಲೆದ್ದಿತು. ಗುಡ್ಡದ ಬದಿಯ ನಮ್ಮ ಕಟ್ಟಡಗಳು ನಿಂತ ಜಾಗವೆಲ್ಲ 'ಖಾಸಗಿ ಅರಣ್ಯ'ವಂತೆ! 1956-57ರ ಸುಮಾರಿನ ನೋಟಿಸುಗಳು, 1975ರ ಒಂದು ಕಾಯಿದೆ. ಜಮೀನಿನ ದಾಖಲೆಯಲ್ಲಿ ಅರಣ್ಯ ಎಂದು ನಮೂದಾಯಿತು. 2008ರ ಮಾರ್ಚಿನಲ್ಲಿ ಹೈಕೋರ್ಟೂ ಸರ್ಕಾರದ ಪರ ಹೇಳಿತು. ಸಾಲ ಮಾಡಿ, ಸ್ಟಾಂಪು ಕಟ್ಟಿ, ಕಂತು ತೀರಿಸಿ ಕೊಂಡ ಫ್ಲಾಟಿನಲ್ಲಿ ಕೂತು ನಾನು ಒತ್ತುವರಿದಾರನಾಗಿದ್ದೆ. ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ. ನನ್ನಾಕೆ ರಾತ್ರಿ ಎದ್ದು ಕೂತು, "ಎಲ್ಲಿಗೆ ಹೋಗೋದು ರೀ?" ಎನ್ನುತ್ತಿದ್ದಳು. 2014ರ ಜನವರಿ 30ರಂದು ಸುಪ್ರೀಂ ಕೋರ್ಟು ನಮ್ಮ ಪರ ತೀರ್ಪು ಕೊಟ್ಟಾಗ ಸೊಸೈಟಿಯಲ್ಲಿ ಪೇಡೆ ಹಂಚಿದೆವು. ಅರ್ಧ ಶತಮಾನ ಯಾರೂ ಮುಂದುವರಿಸದ ನೋಟಿಸಿಗೆ, ಪರವಾನಗಿ ಪಡೆದು ಕಟ್ಟಿದ ಮನೆಗಳನ್ನು ಬಲಿಕೊಡಲಾಗದು ಎಂಬುದು ತೀರ್ಪಿನ ಸಾರಾಂಶ. ಅಂತೂ ಕಾಗದ ನಮ್ಮನ್ನು ಉಳಿಸಿತು. ಸೌತೆಕಾಯಿ ಮಾರುವವಳ ಹತ್ತಿರ ಯಾವ ಕಾಗದ ಇದ್ದೀತು? ಇದು ನಮ್ಮ ಸಾಗರದ ಕಡೆಯವರಿಗೆ ಹೊಸ ಮಾತಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿಯಲ್ಲಿ ಮನೆ ಮುಳುಗಿದವರು ಹಕ್ಕುಪತ್ರಕ್ಕಾಗಿ ಎಷ್ಟು ಕಾಲದಿಂದ ಅಲೆಯುತ್ತಿದ್ದಾರೆಂದು ನಿಮಗೇ ಗೊತ್ತು.

ಮೊಮ್ಮಗಳ ಫೋನಿನ ನಂತರ ಚೆರೋಕಿಗಳ ಬಗ್ಗೆ ಓದಿದೆ. ಓದಿ ನನ್ನ ಲೆಕ್ಕ ಅಡಿಮೇಲಾಯಿತು. ಅವರ ಹತ್ತಿರ ಕಾಗದ ಇರಲಿಲ್ಲವೆಂದಲ್ಲ, ಎಲ್ಲ ಇತ್ತು! ಸೆಕ್ವೋಯಾ ಎಂಬಾತ 1821ರಲ್ಲಿ ಅವರ ಭಾಷೆಗೆ ಲಿಪಿ ಮಾಡಿಕೊಟ್ಟ. 1827ರಲ್ಲಿ ತಮ್ಮದೇ ಸಂವಿಧಾನ ಬರೆದುಕೊಂಡರು, 1828ರಲ್ಲಿ ಪತ್ರಿಕೆ ತೆಗೆದರು. 1832ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ನೆಲದ ಮೇಲೆ ಜಾರ್ಜಿಯಾ ರಾಜ್ಯದ ಕಾನೂನು ನಡೆಯದು ಎಂದೂ ಹೇಳಿತು. ಆದರೆ ಅಲ್ಲಿ ಚಿನ್ನ ಸಿಕ್ಕಿತ್ತು, ಬಿಳಿಯರಿಗೆ ಹತ್ತಿ ಬೆಳೆಯಲು ಭೂಮಿ ಬೇಕಿತ್ತು. 1838-39ರಲ್ಲಿ ಸುಮಾರು ಹದಿನಾರು ಸಾವಿರ ಜನರನ್ನು ಈಗಿನ ಒಕ್ಲಹೋಮಾದ ಕಡೆಗೆ ಅಟ್ಟಿದರು. ನಾಲ್ಕು ಸಾವಿರದಷ್ಟು ಜನ ಸತ್ತರೆಂದು ಅಂದಾಜು. ಕಾಗದ ಇದ್ದರೆ ಸಾಲದು, ಅದನ್ನು ಮನ್ನಿಸುವ ಮನಸ್ಸೂ ಬೇಕು. ಮೂವತ್ತು ವರ್ಷ ಕಾಗದ ನೋಡಿಯೇ ಮನುಷ್ಯನನ್ನು ಅಳೆದವನಿಗೆ ಈ ಮಾತು ಇಷ್ಟು ತಡವಾಗಿ ಹೊಳೆಯಿತು.

ನಮ್ಮಲ್ಲಿ 2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಕಾನೂನು ಬಂದಿದೆ, ಮನ್ನಣೆ ಸಿಗುವುದು ನಿಧಾನ. ಇತ್ತ ಗುಡ್ಡದ ಕೆಳಗೆ ಗೋರೆಗಾಂವ್-ಮುಲುಂಡ್ ಸುರಂಗದ ಕೆಲಸ ನಡೆದಿದೆ. ಅದಾದರೆ ಶಾಲೆಯ ಬಸ್ಸು ಪವಾಯಿ ಸುತ್ತಬೇಕಾಗಿಲ್ಲ. ನನಗೂ ಅನುಕೂಲವೇ, ಇಲ್ಲವೆನ್ನಲಾರೆ.

ಅಂದಹಾಗೆ, ಮೊಮ್ಮಗಳಿಗೆ ಅವತ್ತು ಸರಿಯಾದ ಉತ್ತರ ಕೊಡಲಿಲ್ಲ. "ಅಮೋಘವರ್ಷ ಅಂತ ದೊಡ್ಡ ರಾಜ ಇದ್ದ, ಭಿಕ್ಷುಗಳಿದ್ರು" ಎಂದೇನೋ ಶುರುಮಾಡಿದೆ, ಅವಳಿಗೆ ಸ್ಕೂಲ್ ಬಸ್ಸು ಬಂತು. ಈ ಡಿಸೆಂಬರಿನಲ್ಲಿ ಬರುತ್ತಾಳೆ. ಕಾನ್ಹೇರಿಗೆ ಕರೆದುಕೊಂಡು ಹೋಗಿ ನೃಪತುಂಗನ ಹೆಸರಿರುವ ಜಾಗ ತೋರಿಸುತ್ತೇನೆ, ಆ ಆಸೆ ನನಗಿನ್ನೂ ಹೋಗಿಲ್ಲ. ಆಮೇಲೆ ಮೆಟ್ಟಿಲ ಬುಡದಲ್ಲಿ ಯಾರು ಬುಟ್ಟಿ ಇಟ್ಟು ಕೂತಿರುತ್ತಾರೋ ಅವರಿಂದ ಸೌತೆಕಾಯಿ ಕೊಡಿಸಿ, ಊರು ಯಾವುದೆಂದು ಅವಳಿಂದಲೇ ಕೇಳಿಸುತ್ತೇನೆ. ಮರಾಠಿಯ ಆ ಮೂರು ಶಬ್ದ ಈಗಿಂದಲೇ ಫೋನಿನಲ್ಲಿ ಕಲಿಸುತ್ತಿದ್ದೇನೆ.