ಹೊಳಪಿನ ಕೆಳಗಿನ ಹಸಿರು ಉಪ್ಪು

ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಸಿಗುವ ಹಳೆ ಬೈಕ್ ಹ್ಯಾಂಡಲ್ ಫಳಫಳ ಹೊಳೆಯುತ್ತದೆ. ಮೇಲೆ ಕಾಣುವುದು ಕ್ರೋಮ್‌ನ ತೆಳು ಪದರ. ತುಕ್ಕು ತಡೆಯುವುದು ಹೆಚ್ಚಾಗಿ ಅದರ ಕೆಳಗಿನ ನಿಕಲ್.

ನಿಕಲ್ ಕೂರಿಸಲು ಬೇಕಾದದ್ದು ನಿಕಲ್ ಸಲ್ಫೇಟ್ ಎಂಬ ಹಸಿರು ಹರಳುಪ್ಪು. ನೀರಿನಲ್ಲಿ ಸುಲಭವಾಗಿ ಕರಗುತ್ತದೆ. 1916ರಲ್ಲಿ ಅಮೆರಿಕದ ಆಲಿವರ್ ವಾಟ್ಸ್ ಇದಕ್ಕೆ ನಿಕಲ್ ಕ್ಲೋರೈಡ್, ಬೋರಿಕ್ ಆಮ್ಲ ಬೆರೆಸಿದರು. ಆ ಬಿಸಿ ದ್ರಾವಣದಲ್ಲಿ ಕರೆಂಟ್ ಹರಿಸಿದರೆ ಲೋಹದ ಮೇಲೆ ನಿಕಲ್ ಕೂರುತ್ತದೆ. ಪ್ಲೇಟಿಂಗ್ ಕೆಲಸದಲ್ಲಿ ಇಂದಿಗೂ ಇದೇ ಪಾಕ.

ದಂಡು ಪ್ರದೇಶ 1809ರಲ್ಲಿ ಸೈನ್ಯಕ್ಕಾಗಿ ಹುಟ್ಟಿದ್ದು. 1948ರಲ್ಲಿ ಕೆ.ಆರ್. ಪುರಂ ಬಳಿ ಐಟಿಐ ಟೆಲಿಫೋನ್ ಕಾರ್ಖಾನೆ ಬಂತು. ಪೂರ್ವ ಬೆಂಗಳೂರು ದುಡಿಮೆಯ ಊರಾಯಿತು.

ಈ ಉಪ್ಪನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದರೆ ಕೆಲವರಿಗೆ ಚರ್ಮ ತುರಿಸಿ ಬಿರಿಯುತ್ತದೆ. ಒಮ್ಮೆ ಒಗ್ಗದಾದರೆ ಸಾಮಾನ್ಯವಾಗಿ ಬದುಕಿಡೀ ಒಗ್ಗುವುದಿಲ್ಲ. ಅಗ್ಗದ ಕಿವಿಯೋಲೆಯೂ ಕಾಡುತ್ತದೆ. ಇದರ ಧೂಳು, ತುಂತುರು ವರ್ಷಗಟ್ಟಲೆ ಉಸಿರಿಗೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಭಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1990ರಲ್ಲೇ ಇದನ್ನು ಹೇಳಿದೆ.

ಇನ್ನು ತೊಳೆದ ನೀರಿನ ಮಾತು. ಹಲಸೂರು ಕೆರೆಯ ಕೋಡಿ ನೀರು ಹರಿಯುವುದು ಬೆಳ್ಳಂದೂರು, ವರ್ತೂರು ಕಡೆಗೆ. ಈ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರೇ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಎರಡು ಹಂತದ ಸಂಸ್ಕರಣೆ ಇರುವುದು ಮುಖ್ಯವಾಗಿ ಕೊಳೆ ತೆಗೆಯಲು, ಕರಗಿದ ಲೋಹ ತೆಗೆಯಲು ಅಲ್ಲ. ಹಾಗಾಗಿ ನಿಕಲ್ ಚರಂಡಿ ಸೇರುವ ಮೊದಲೇ, ಪ್ಲೇಟಿಂಗ್ ಮಾಡುವಲ್ಲೇ ಸುಣ್ಣ ಹಾಕಿ ತಳಕ್ಕಿಳಿಸಿ ಬೇರ್ಪಡಿಸಬೇಕು.

ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 0.02 ಮಿಲಿಗ್ರಾಂ ನಿಕಲ್. ನಿಮ್ಮೂರ ಬೋರ್‌ವೆಲ್ ನೀರಿನ ಪರೀಕ್ಷಾ ವರದಿಯಲ್ಲಿ ಆ ಸಾಲು ಇದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ.